ಎರಡು ಗೆರೆಗಳ ಗ್ರಾಫ್ ಓದುವ ಮಕ್ಕಳಿಗೆ ಒಂದಿಷ್ಟು ಕಿವಿಮಾತು

ದ್ವಿತೀಯ ಪಿಯುಸಿಯ ಮಕ್ಕಳೇ, ಪರಭಕ್ಷಕ ಮತ್ತು ಬಲಿಪ್ರಾಣಿಗಳ ಗ್ರಾಫ್ ಕಂಡ ಕೂಡಲೇ ಹೆಚ್ಚಿನವರು ಒಂದೇ ಉತ್ತರ ಬರೆಯುತ್ತೀರಿ: ಮೊಲ ಹೆಚ್ಚಿದರೆ ಅದನ್ನು ತಿನ್ನುವ ಲಿಂಕ್ಸ್ ಎಂಬ ಕಾಡುಬೆಕ್ಕು ಹೆಚ್ಚುತ್ತದೆ, ಲಿಂಕ್ಸ್ ಹೆಚ್ಚಿದರೆ ಮೊಲ ಕಡಿಮೆಯಾಗುತ್ತದೆ. ಈ ಮಾತು ಸುಳ್ಳಲ್ಲ. ಆದರೆ ಗ್ರಾಫನ್ನು ಕಣ್ಣೆತ್ತಿ ನೋಡದವರೂ ಇದನ್ನು ಬರೆಯಬಲ್ಲರು. ಗೆರೆ ಏನು ತೋರಿಸುತ್ತಿದೆ ಎಂಬುದನ್ನು ಮೊದಲು ಹೇಳಿ, ಯಾಕೆ ಎಂಬುದನ್ನು ಆಮೇಲೆ ಹೇಳುವ ಅಭ್ಯಾಸ ನಿಮಗೆ ಬರಬೇಕೆಂಬುದು ನನ್ನ ಆಸೆ.

• ಗೆರೆಗಳಿಗಿಂತ ಮೊದಲು ಅಕ್ಷಗಳನ್ನು ಓದಿ. ಅಡ್ಡ ಅಕ್ಷದಲ್ಲಿ ವರ್ಷವೋ, ದಿನವೋ? ಲಂಬ ಅಕ್ಷದ ಅಂಕಿಗಳು ಬಿಡಿಯಾಗಿವೆಯೋ, ಸಾವಿರದ ಲೆಕ್ಕದಲ್ಲೋ? ಕೆಲವು ಗ್ರಾಫ್‌ಗಳಲ್ಲಿ ಎಡಗಡೆಯ ಅಳತೆ ಮೊಲಕ್ಕೆ, ಬಲಗಡೆಯದು ಲಿಂಕ್ಸ್‌ಗೆ ಇರುತ್ತದೆ. ಅಂಥ ಕಡೆ ಎರಡು ಗೆರೆ ಕೂಡಿದ ಜಾಗ ತೋರಿಸಿ ‘ಇಲ್ಲಿ ಎರಡರ ಸಂಖ್ಯೆ ಸಮ’ ಎಂದು ಬರೆದರೆ ಪೂರ್ತಿ ತಪ್ಪು.

• ಅಳೆದದ್ದು ಏನನ್ನು ಎಂದು ಕೇಳಿಕೊಳ್ಳಿ. ಪಠ್ಯಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಕೆನಡಾದ ಗ್ರಾಫ್, ಸುಮಾರು 1845ರಿಂದ 1935ರವರೆಗಿನದು, ಕಾಡಿನಲ್ಲಿ ಯಾರೋ ಎಣಿಸಿದ ಪ್ರಾಣಿಗಳದ್ದಲ್ಲ. ಬೇಟೆಗಾರರು ಹಡ್ಸನ್ಸ್ ಬೇ ಕಂಪನಿಗೆ ಮಾರಿದ ತುಪ್ಪಳದ ತೊಗಲುಗಳ ಲೆಕ್ಕ ಅದರ ಹಿಂದಿದೆ. ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್ ಅವರು ಮೇರಿ ನಿಕೋಲ್ಸನ್ ಜೊತೆ ಈ ಕಂಪನಿಯ ದಾಖಲೆಗಳನ್ನು ಜಾಲಾಡಿ, ಲಿಂಕ್ಸ್ ಸಂಖ್ಯೆ ಹತ್ತು ವರ್ಷಕ್ಕೊಮ್ಮೆ ಏರಿಳಿಯುವುದನ್ನು 1942ರಲ್ಲಿ ವಿವರವಾಗಿ ತೋರಿಸಿದರು. ತೊಗಲಿನ ಬೆಲೆ ಬಿದ್ದರೆ ಬೇಟೆಯೂ ಕಡಿಮೆಯಾದೀತು. ಆಗ ಕಾಡಿನಲ್ಲಿ ಪ್ರಾಣಿ ಇದ್ದರೂ ಗೆರೆ ಇಳಿಯುತ್ತದೆ. ಈ ಗ್ರಾಫಿನ ಕೆಲವು ಭಾಗಗಳಲ್ಲಿ ಲಿಂಕ್ಸ್ ಗೆರೆ ಮೊಲದ ಗೆರೆಗಿಂತ ಮುಂಚೆಯೇ ಏರಿಬಿಡುತ್ತದೆ. ಅದನ್ನು ಕಂಡಾಗ ಹೆದರಬೇಡಿ, ಮುಚ್ಚಿಡಲೂ ಬೇಡಿ. ಅಂಕಿಗಳು ಬಂದ ದಾರಿಯನ್ನು ಪ್ರಶ್ನಿಸಿ.

• ಲಿಂಕ್ಸ್ ಗೆರೆ ಮೊಲದ ಗೆರೆಗಿಂತ ಹಿಂದೆ ಬೀಳುವ ಅವಧಿಯನ್ನು ಸ್ಕೇಲ್ ಇಟ್ಟು ಅಳೆಯಿರಿ. ಇಡೀ ಪಾಠದ ಜೀವ ಇಲ್ಲಿದೆ, ಇದಕ್ಕೆ ಸಮಯ ಕೊಡಿ. ಮೊಲದ ಶಿಖರದಿಂದ ಕೆಳಗೆ ಒಂದು ನೇರ ಗೆರೆ, ಅದರ ಪಕ್ಕದ ಲಿಂಕ್ಸ್ ಶಿಖರದಿಂದ ಇನ್ನೊಂದು. ನಡುವಿನ ಅಂತರ ಸಾಮಾನ್ಯವಾಗಿ ಒಂದೆರಡು ವರ್ಷ. ಮೊಲ ಸಮೃದ್ಧವಾಗಿದ್ದಾಗ ಲಿಂಕ್ಸ್ ಹೆಚ್ಚು ಮರಿ ಹಾಕುತ್ತದೆ, ಮರಿಗಳೂ ಹೆಚ್ಚು ಬದುಕುತ್ತವೆ. ಆದರೆ ಅವು ಹುಟ್ಟಿ ಬೆಳೆಯಲು ಕಾಲ ಬೇಕು. ಅಷ್ಟರಲ್ಲಿ ಮೊಲಗಳು ಇಳಿಮುಖವಾಗಿರುತ್ತವೆ. ಹಸಿವೂ ಅಷ್ಟೇ, ಒಂದೇ ದಿನಕ್ಕೆ ಕೊಲ್ಲುವುದಿಲ್ಲ. ಹಾಗಾಗಿ ಲಿಂಕ್ಸ್ ಇಳಿತವೂ ತಡವಾಗುತ್ತದೆ. ಲಿಂಕ್ಸ್ ಶಿಖರದಲ್ಲಿರುವ ವರ್ಷವನ್ನೇ ಹಿಡಿದು, ಆ ವರ್ಷ ಮೊಲದ ಗೆರೆ ಯಾವ ಕಡೆ ಮುಖ ಮಾಡಿದೆ ನೋಡಿ. ಒಂದು ಉಚ್ಛ್ರಾಯದಲ್ಲಿರುವಾಗಲೇ ಇನ್ನೊಂದು ಬೀಳುತ್ತಿರುತ್ತದೆ. ಇದನ್ನು ವರ್ಷದ ಸಮೇತ ಬರೆಯುವ ವಿದ್ಯಾರ್ಥಿ ಗ್ರಾಫ್ ಓದಿದ್ದಾನೆ ಎಂದು ಮೌಲ್ಯಮಾಪಕರಿಗೆ ಖಾತ್ರಿಯಾಗುತ್ತದೆ.

• ಒಂದರ ಹಿಂದೆ ಒಂದು ಬಂತೆಂದ ಮಾತ್ರಕ್ಕೆ ಮೊದಲನೆಯದೇ ಕಾರಣ ಎನ್ನಬೇಡಿ. ಮೊಲಗಳ ಇಳಿತಕ್ಕೆ ಬೇಟೆಯೊಂದೇ ಕಾರಣವೇ, ಮೇವಿನ ಕೊರತೆಯೂ ಸೇರಿದೆಯೇ? ಗ್ರಾಫ್ ಎಷ್ಟು ದಿಟ್ಟಿಸಿದರೂ ಇದಕ್ಕೆ ಉತ್ತರ ಸಿಗದು, ಪ್ರಯೋಗವೇ ಬೇಕು. ಕೆನಡಾದ ಯೂಕಾನ್ ಪ್ರಾಂತದ ಕ್ಲುವಾನಿಯಲ್ಲಿ ಚಾರ್ಲ್ಸ್ ಕ್ರೆಬ್ಸ್ ಮತ್ತು ಸಂಗಡಿಗರು ಅದನ್ನು ಮಾಡಿದರು. ಫಲಿತಾಂಶ 1995ರಲ್ಲಿ ಪ್ರಕಟವಾಯಿತು. ಕೆಲವು ಕಡೆ ಮೊಲಗಳಿಗೆ ಮೇವು ಹಾಕಿದರು: ಅವುಗಳ ಸಾಂದ್ರತೆ ಸುಮಾರು ಮೂರು ಪಟ್ಟಾಯಿತು. ಇನ್ನೊಂದು ಕಡೆ ವಿದ್ಯುತ್ ಬೇಲಿ ಹಾಕಿ ಲಿಂಕ್ಸ್‌ನಂಥ ಪ್ರಾಣಿಗಳನ್ನು ಹೊರಗಿಟ್ಟರು: ಸುಮಾರು ಎರಡು ಪಟ್ಟು. ಬೇಲಿಯೂ ಮೇವೂ ಎರಡೂ ಇದ್ದಲ್ಲಿ ಹನ್ನೊಂದು ಪಟ್ಟು! ಎರಡು ಕಾರಣಗಳು ಕೂಡಿದಾಗಿನ ಬಲ ಬಿಡಿಬಿಡಿ ಬಲಗಳ ಮೊತ್ತವನ್ನೂ ಮೀರಿತ್ತು. ಇಷ್ಟು ಚೆಂದದ ಪ್ರಯೋಗ ಪಿಯುಸಿ ಮಕ್ಕಳ ಕಿವಿಗೆ ಬೀಳದೆ ಹೋಗುವುದು ನನಗೆ ನೋವಿನ ಸಂಗತಿ.

• ಮೂರನೆಯವರು ಯಾರಾದರೂ ಇದ್ದಾರೆಯೇ ಹುಡುಕಿ. ಅಮೆರಿಕದ ಸುಪೀರಿಯರ್ ಸರೋವರದಲ್ಲಿ ಐಲ್ ರಾಯಲ್ ಎಂಬ ದ್ವೀಪವಿದೆ. ಅಲ್ಲಿನ ತೋಳ ಮತ್ತು ಮೂಸ್ ಕಡವೆಗಳ ಅಧ್ಯಯನ 1958ರಿಂದ ನಡೆದುಬಂದಿದೆ. 1980ರಲ್ಲಿ 50 ಇದ್ದ ತೋಳಗಳು 1982ರ ಹೊತ್ತಿಗೆ 14ಕ್ಕೆ ಕುಸಿದವು. ಮೂಸ್ ಕೊರತೆಯೇ ಕಾರಣ ಎಂದು ನೀವು ಬರೆಯುತ್ತಿದ್ದಿರೇನೋ. ಆದರೆ ನಾಯಿಗಳಿಂದ ಹರಡುವ ಪಾರ್ವೊ ವೈರಸ್ ದ್ವೀಪಕ್ಕೆ ಬಂದಿತ್ತು. 1996ರಲ್ಲಿ ಮೂಸ್‌ಗಳು ರಾಶಿರಾಶಿಯಾಗಿ ಸತ್ತದ್ದು ತೋಳಗಳಿಂದಲ್ಲ. ಕಡು ಚಳಿಗಾಲ, ಉಣ್ಣೆಹುಳು, ಮೇವಿನ ಅಭಾವಗಳಿಂದ.

• ಎಲ್ಲ ಗ್ರಾಫೂ ಅಲೆಯಾಗಿ ಏರಿಳಿಯಬೇಕೆಂಬ ನಿಯಮವಿಲ್ಲ. 1934ರಲ್ಲಿ ರಷ್ಯಾದ ಗಾಸ್, ಪ್ಯಾರಮೀಸಿಯಮ್ ಇದ್ದ ಗಾಜಿನ ಕೊಳವೆಗೆ ಅದನ್ನು ತಿನ್ನುವ ಡೈಡಿನಿಯಮ್ ಬಿಟ್ಟರು. ಡೈಡಿನಿಯಮ್ ಎಲ್ಲವನ್ನೂ ತಿಂದು, ಕೊನೆಗೆ ಹಸಿವಿನಿಂದ ತಾನೂ ಸತ್ತಿತು. ಎರಡೂ ಗೆರೆ ಸೊನ್ನೆಗೆ ಇಳಿದವು. ಇನ್ನು ಲೋಟ್ಕಾ ಮತ್ತು ವೋಲ್ಟೆರಾ ಅವರ ಹೆಸರಿನ ನುಣುಪಾದ ಅಲೆಗಳು 1920ರ ದಶಕದ ಗಣಿತ ಸಮೀಕರಣಗಳಿಂದ ಬಂದವು. ಅವನ್ನು ಕಾಡಿನ ಅಂಕಿಗಳೆಂದು ತಿಳಿಯಬೇಡಿ.

• ಅಡ್ಡ ಅಕ್ಷದಲ್ಲಿ ಕಾಲವೇ ಇರದ ಗ್ರಾಫ್ ಬಂದರೆ ತಡವರಿಸಬೇಡಿ. ನಮ್ಮ ಕರ್ನಾಟಕದ ಉಲ್ಲಾಸ ಕಾರಂತರು ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನ ಅಂಥದ್ದು. ಒಂದೊಂದು ಕಾಡಿನಲ್ಲಿ ಜಿಂಕೆ, ಕಡವೆ, ಕಾಟಿಗಳಂಥ ಬಲಿಪ್ರಾಣಿಗಳ ಸಾಂದ್ರತೆ ಎಷ್ಟು, ಹುಲಿಗಳ ಸಾಂದ್ರತೆ ಎಷ್ಟು ಎಂಬುದನ್ನು ಅದು ಹೋಲಿಸುತ್ತದೆ. ಹುಲಿಗಳು ವರ್ಷಕ್ಕೆ ಬಲಿಪ್ರಾಣಿಗಳ ಸುಮಾರು ಶೇ. 10ರಷ್ಟನ್ನು ತಿನ್ನುತ್ತವೆ ಎಂಬುದು ಅದರ ಹಿಂದಿನ ಲೆಕ್ಕ. ಒಂದು ಹುಲಿ ವರ್ಷಕ್ಕೆ ಸುಮಾರು 50 ಪ್ರಾಣಿಗಳನ್ನು ಕೊಲ್ಲುತ್ತದೆಂದರೆ, ಅದು ಬದುಕಲು ಸುಮಾರು 500 ಬಲಿಪ್ರಾಣಿಗಳಿರುವ ಕಾಡು ಬೇಕು. ಇಲ್ಲಿ ಒಂದೊಂದು ಚುಕ್ಕಿಯೂ ಒಂದೊಂದು ಕಾಡು. ಯಾರು ಮೊದಲು ಏರಿದರು ಎಂಬ ಪ್ರಶ್ನೆಯೇ ಏಳುವುದಿಲ್ಲ.

• ಬರೆಯುವಾಗ ‘ಹೆಚ್ಚಾಯಿತು’ ಎಂದು ನಿಲ್ಲಿಸದೆ, ಯಾವ ವರ್ಷದಿಂದ ಯಾವ ವರ್ಷಕ್ಕೆ, ಎಷ್ಟರಿಂದ ಎಷ್ಟಕ್ಕೆ ಎಂದು ಹೇಳಿ.

• ಕೊನೆಯದಾಗಿ, ಅಂಕಿಗಳ ಪಟ್ಟಿಯೊಂದನ್ನು ತೆಗೆದುಕೊಂಡು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ನೀವೇ ಚುಕ್ಕಿ ಇಟ್ಟು ಗೆರೆ ಎಳೆಯಿರಿ. ಗೈಡ್ ಪುಸ್ತಕದ ಸಿದ್ಧ ಉತ್ತರವನ್ನು ಬಾಯಿಪಾಠ ಮಾಡುವ ಮೊದಲು ಇದೊಂದು ಕೆಲಸ ಮಾಡಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ.