ಗಂಟಲೇ ವಾದ್ಯವಾದಾಗ

ಮಕ್ಕಳೇ, ಬಾಯಿ ಮುಚ್ಚಿಕೊಂಡು ‘ಮ್...’ ಎಂದು ಗುನುಗಿ. ಗುನುಗುತ್ತಲೇ ಮೂಗಿನ ಎರಡೂ ಹೊಳ್ಳೆಗಳನ್ನು ಒತ್ತಿ ಹಿಡಿಯಿರಿ. ದನಿ ನಿಂತುಹೋಯಿತಲ್ಲವೇ?

ಧ್ವನಿಪೆಟ್ಟಿಗೆಯಲ್ಲಿ ಎರಡು ಧ್ವನಿತಂತುಗಳಿವೆ. ಹೆಸರು ತಂತು ಎಂದಿದ್ದರೂ ಅವು ಸಿತಾರಿನ ತಂತಿಯಂತಿಲ್ಲ; ಮೆತ್ತನೆಯ ಎರಡು ಮಡಿಕೆಗಳು. ಶ್ವಾಸಕೋಶದ ಗಾಳಿ ಅವುಗಳ ನಡುವಿನ ಸಂದಿಯಲ್ಲಿ ಹಾಯುವಾಗ ಕಂಪಿಸುತ್ತವೆ. ಗಾಳಿಗೆ ಹೊರದಾರಿ ಇಲ್ಲವಾದರೆ ಕಂಪನವೂ ಇಲ್ಲ.

ಗಂಟಲನ್ನೇ ನಂಬಿ ಬೆಳೆದ ಒಂದು ಹಾಡುಗಾರಿಕೆಯ ಹೆಸರು ಡೂ-ವಾಪ್. 1940 ಮತ್ತು 50ರ ದಶಕಗಳಲ್ಲಿ ಅಮೆರಿಕದ ನ್ಯೂಯಾರ್ಕ್, ಫಿಲಡೆಲ್ಫಿಯಾ ಮುಂತಾದ ನಗರಗಳ ಕಪ್ಪು ಜನಾಂಗದ ಯುವಕರು ಬೀದಿಯ ಮೂಲೆಗಳಲ್ಲಿ ನಿಂತು ವಾದ್ಯವಿಲ್ಲದೆ ಹಾಡುತ್ತಿದ್ದರು. ಒಬ್ಬ ಹಾಡಿನ ಮಾತುಗಳನ್ನು ಹಾಡಿದರೆ ಉಳಿದವರು ‘ಡೂ-ವಾಪ್’, ‘ಬಮ್ ಬಮ್’ ಎಂಬ ಅರ್ಥವಿಲ್ಲದ ಅಕ್ಷರಗಳಿಂದ ವಾದ್ಯದ ಕೆಲಸ ಮಾಡುತ್ತಿದ್ದರು. ನಮ್ಮ ಕೊನ್ನಕೋಲಿನವರು ಮೃದಂಗದ ‘ತಕಧಿಮಿ’ಯನ್ನು ಬಾಯಲ್ಲೇ ನುಡಿಸುವುದಿಲ್ಲವೇ, ಹಾಗೆ.

ನಮ್ಮ ಸೋಬಾನೆ ಪದದಲ್ಲಿ ಒಬ್ಬರು ಸೊಲ್ಲು ಎತ್ತಿದರೆ ಉಳಿದವರು ಅದೇ ಸ್ವರದಲ್ಲಿ ಹಿಂಬಾಲಿಸುತ್ತಾರೆ. ಡೂ-ವಾಪ್‌ನಲ್ಲಿ ಸ್ವರಗಳೇ ಬೇರೆ ಬೇರೆ. ‘ಸ’ ಹಾಡುವವರ ಧ್ವನಿತಂತು ಸೆಕೆಂಡಿಗೆ 240 ಸಲ ಕಂಪಿಸಿತೆನ್ನಿ. ಆಗ ‘ಗ’ ಹಾಡುವವರದು 300 ಸಲ, ‘ಪ’ ಹಾಡುವವರದು 360 ಸಲ ಕಂಪಿಸಬೇಕು. ಅನುಪಾತ 4:5:6. ಇಂಥ ಸರಳ ಅನುಪಾತದ ಸ್ವರಗಳು ಕೂಡಿದಾಗ ಕಿವಿಗೆ ಹಿತ. ಎಲ್ಲರ ಕೆಳಗೆ, 120ರಲ್ಲಿ, ಮಂದ್ರದ ದನಿಯವನು ನಿಲ್ಲುತ್ತಾನೆ. ಅವನಿಲ್ಲದಿದ್ದರೆ ಮೇಳ ಸಪ್ಪೆ ಎಂಬುದು ನನ್ನ ಅಭಿಪ್ರಾಯ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಏಳನೆಯ ತರಗತಿಗೆ ಬಂದ ಕೆಲವು ಹುಡುಗರು ‘ದನಿ ಒಡೆದಿದೆ ಸರ್’ ಎಂದು ಪ್ರಾರ್ಥನೆಯ ಸಾಲಿನಿಂದ ಹಿಂದೆ ಸರಿಯುತ್ತಾರೆ. ಒಡೆದದ್ದು ಏನೂ ಇಲ್ಲ. ಆ ವಯಸ್ಸಿನಲ್ಲಿ ಧ್ವನಿಪೆಟ್ಟಿಗೆ ಬೇಗ ಬೆಳೆಯುತ್ತದೆ. ತಂತುಗಳು ಉದ್ದವಾಗಿ, ದಪ್ಪವಾಗಿ ನಿಧಾನವಾಗಿ ಕಂಪಿಸುತ್ತವೆ. ವಯಸ್ಕ ಗಂಡಸರಲ್ಲಿ ಅವು ಸುಮಾರು 20 ಮಿಲಿಮೀಟರ್, ಹೆಂಗಸರಲ್ಲಿ ಸುಮಾರು 15 ಮಿಲಿಮೀಟರ್ ಇರುತ್ತವೆ. ಹೊಸ ಅಳತೆಗೆ ಸ್ನಾಯುಗಳು ಹೊಂದಿಕೊಳ್ಳುವವರೆಗೆ ದನಿ ಜಾರುತ್ತಿರುತ್ತದೆ.

ದಪ್ಪ ದನಿಯ ಹುಡುಗಿಯರನ್ನು ನಗುವವರೂ ಉಂಟು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರ ದನಿ ಮೊದಲು ಸಣ್ಣಗಿತ್ತು. ಗಂಟಲಿನ ಚಿಕಿತ್ಸೆಯ ನಂತರ ಗಡಸಾಯಿತು. ಆ ಗಡಸು ದನಿಯಲ್ಲೇ ಅವರು ಕಿರಾಣಾ ಘರಾಣೆಯನ್ನು ಹಾಡಿದರು. 2002ರಲ್ಲಿ ಪದ್ಮವಿಭೂಷಣ ಬಂತು.

ಈಗ ಅಭ್ಯಾಸ. ಹೊಟ್ಟೆಯ ಮೇಲೆ ಕೈಯಿಟ್ಟು ಉಸಿರೆಳೆಯಿರಿ. ವಪೆ ಕೆಳಗಿಳಿದು ಹೊಟ್ಟೆ ಉಬ್ಬಬೇಕು, ಹೆಗಲು ಏಳಬಾರದು. ‘ಸ್...’ ಎಂದು ಒಂದೇ ಸಮನೆ ಬಿಡುತ್ತ ಎಷ್ಟು ಸೆಕೆಂಡು ಎಂದು ಎಣಿಸಿ. ಕಿರುಚಬೇಡಿ, ಕಿರುಚಿದರೆ ತಂತುಗಳು ಬಡಿದುಕೊಂಡು ಊದಿಕೊಳ್ಳುತ್ತವೆ. ನೀರು ಕುಡಿಯುತ್ತಿರಿ. ಕುಡಿದ ನೀರು ತಂತುಗಳನ್ನು ಮುಟ್ಟುವುದಿಲ್ಲ, ಅದು ಹೋಗುವುದು ಅನ್ನನಾಳಕ್ಕೆ. ಆದರೆ ದೇಹದಲ್ಲಿ ನೀರಿದ್ದರೆ ಅವು ತೇವವಾಗಿರುತ್ತವೆ.

ಆಮೇಲೆ ನಾಲ್ವರು ಸೇರಿ. ಮೂವರು ಸ, ಗ, ಪ ಹಿಡಿಯಲಿ. ದನಿ ಇಳಿದ ಹುಡುಗ ಕೆಳಗಿನ ‘ಸ’ದಲ್ಲಿ ‘ಬಮ್ ಬಮ್’ ಎನ್ನಲಿ. ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಮನೆಗಳಲ್ಲಿ ಡಮಾಮಿ ಬಾರಿಸುವುದನ್ನು ಕೇಳಿ ಬೆಳೆದವರು ತರಗತಿಯಲ್ಲಿದ್ದರೆ ಆ ಬಡಿತವನ್ನು ಬಾಯಲ್ಲೇ ನುಡಿಸಲಿ. ಒಬ್ಬರು ಮಾತ್ರ ಹಾಡದೆ ಹತ್ತು ಹೆಜ್ಜೆ ದೂರ ನಿಂತು, ಯಾರ ದನಿ ಉಳಿದವರನ್ನು ಮುಚ್ಚುತ್ತಿದೆ ಎಂದು ಕೇಳಿ ಹೇಳಲಿ.