ಕುದಿಸಿದರೆ ಎಲ್ಲ ನೀರೂ ಸರಿಹೋಗುವುದಿಲ್ಲ



ಬೆಳಿಗ್ಗೆ ಕೆಚ್ಚಲು ತೊಳೆಯುವುದರಿಂದ ಹಿಡಿದು ರಾತ್ರಿ ಮುದ್ದೆಗೆ ಎಸರಿಡುವವರೆಗೆ ನಿಮ್ಮ ಕೈ ನೀರಿನಲ್ಲೇ ಇರುತ್ತದೆ. ನೀರು ಕೆಟ್ಟದ್ದೆನಿಸಿದರೆ ನಾವು ಮೊದಲು ಮಾಡುವುದು ಕುದಿಸುವುದು. ಅದು ಒಳ್ಳೆಯ ಅಭ್ಯಾಸವೇ. ಆದರೆ ಕುದಿಸಿದರೆ ಸಾಯುವುದು ರೋಗಾಣು ಮಾತ್ರ. ಬೇರೆ ದೋಷಗಳಿಗೆ ಬೇರೆ ಉಪಾಯವೇ ಬೇಕು.

1. ರೋಗಾಣು

ನೀರು ತಿಳಿಯಾಗಿದ್ದರೂ ರೋಗಾಣು ಇರಬಹುದು. ಮಳೆಗಾಲದಲ್ಲಿ ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಭೇದಿಯಾದರೆ ನೀರಿನ ಮೇಲೆ ಅನುಮಾನ ಇರಲಿ. ಅದೇ ನೀರಿನಲ್ಲಿ ತೊಳೆದ ಪಾತ್ರೆಗೆ ಕರೆದ ಹಾಲು ಬೇಗ ಹುಳಿಯುತ್ತದೆ.

ಪರಿಹಾರ: ಕುಡಿಯುವ ನೀರು ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ, ಮುಚ್ಚಿಡಿ. ಲೋಟ ಅದ್ದಬೇಡಿ, ಉದ್ದ ಹಿಡಿಯ ಸೌಟು ಬಳಸಿ. ಪಾತ್ರೆ ತೊಳೆಯುವ ನೀರಿನ ತೊಟ್ಟಿಗೆ 1000 ಲೀಟರಿಗೆ ಸುಮಾರು 2.5 ಗ್ರಾಂ ಹೊಸ ಬ್ಲೀಚಿಂಗ್ ಪುಡಿ ಸಾಕು. ಪುಡಿಯನ್ನು ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕುಳಿತ ಮೇಲೆ ತಿಳಿಯನ್ನು ಮಾತ್ರ ತೊಟ್ಟಿಗೆ ಹಾಕಿ, ಒಂದು ಗಂಟೆ ಬಿಟ್ಟು ಬಳಸಿ. ತೆರೆದಿಟ್ಟ ಹಳೆಯ ಪುಡಿಯಲ್ಲಿ ಶಕ್ತಿ ಉಳಿದಿರುವುದಿಲ್ಲ.

2. ಗಡಸು ನೀರು

ಸೋಪು ನೊರೆ ಬರುವುದಿಲ್ಲ, ಬೇಳೆ ಬೇಯುವುದಿಲ್ಲ, ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಹಾಲಿನ ಪಾತ್ರೆಯಲ್ಲಿ ಈ ಪೊರೆಗೆ ಹಾಲಿನ ಅಂಶವೂ ಸೇರಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದರ ಒಳಗೆ ಅಡಗಿದ ಸೂಕ್ಷ್ಮಾಣುಗಳು ಮರುದಿನದ ಹಾಲನ್ನು ಕೆಡಿಸುತ್ತವೆ.

ಪರಿಹಾರ: ಹಾಲು ಸುರಿದ ಕೂಡಲೇ ಮೊದಲು ತಣ್ಣೀರಿನಲ್ಲಿ ಜಾಲಿಸಿ. ಮೊದಲೇ ಬಿಸಿನೀರು ಹಾಕಿದರೆ ಹಾಲಿನ ಅಂಶ ಬೆಂದು ಅಂಟುತ್ತದೆ. ಆಮೇಲೆ ಬಿಸಿನೀರು, ಸೋಪಿನಿಂದ ಉಜ್ಜಿ, ಚೆನ್ನಾಗಿ ತೊಳೆದು ಬಿಸಿಲಿನಲ್ಲಿ ಕವುಚಿಡಿ. ಸ್ಟೀಲ್ ಪಾತ್ರೆಯಲ್ಲಿ ಪೊರೆ ಕಂಡರೆ ಹುಣಸೆಹಣ್ಣು ಅಥವಾ ನಿಂಬೆಹಣ್ಣಿನಿಂದ ಉಜ್ಜಿ ತೊಳೆಯಿರಿ.

3. ಕಬ್ಬಿಣದ ಅಂಶ

ಬೋರ್‌ವೆಲ್‌ನಿಂದ ಬಂದಾಗ ತಿಳಿಯಾಗಿದ್ದು, ಬಿಂದಿಗೆಯಲ್ಲಿಟ್ಟ ಮೇಲೆ ಕೆಂಪಗಾಗುತ್ತದೆ. ಬಟ್ಟೆಗೆ ಕಲೆ, ಬಾಯಿಗೆ ಒಗರು.

ಪರಿಹಾರ: ಎತ್ತರದಿಂದ ಸುರಿದು ಗಾಳಿಯಾಡಿಸಿ, ರಾತ್ರಿಯಿಡೀ ಬಿಟ್ಟು, ತಿಳಿನೀರನ್ನು ಮರಳಿನ ಸೋಸುಕದಲ್ಲಿ ಸೋಸಿ.

4. ಫ್ಲೋರೈಡ್

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ಕಡೆ ಆಳದ ಬೋರ್‌ವೆಲ್‌ಗಳಲ್ಲಿ ಇದರ ಕಾಟ ಹೆಚ್ಚು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತದೆ. ಆ ಕಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ವರ್ಷಗಟ್ಟಲೆ ಕುಡಿದರೆ ಕೀಲು ಬಿಗಿದು ಬೆನ್ನು ಬಾಗುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಸಿಗದಿದ್ದರೆ 1.5 ಮಿಲಿಗ್ರಾಂ ಕೊನೆಯ ಮಿತಿ.

ಇದನ್ನು ಕುದಿಸಬೇಡಿ. ನೀರು ಆವಿಯಾಗಿ ಫ್ಲೋರೈಡ್ ಉಳಿದು, ನೀರು ಇನ್ನಷ್ಟು ಗಾಢವಾಗುತ್ತದೆ. ಊರಿನ ಶುದ್ಧ ನೀರಿನ ಘಟಕದ ನೀರು, ಇಲ್ಲವೇ ಚೆನ್ನಾಗಿ ಸಂಗ್ರಹಿಸಿದ ಮಳೆನೀರು ಬಳಸಿ. ಮಳೆನೀರನ್ನು ಮಾತ್ರ ಸೋಸಿ ಕುದಿಸಿಯೇ ಕುಡಿಯಿರಿ.

ಹಲವರು ಘಟಕದ ನೀರನ್ನು ಕುಡಿಯುವುದಕ್ಕಷ್ಟೇ ಇಟ್ಟುಕೊಂಡು ಅಡುಗೆಗೆ ಬೋರ್ ನೀರು ಹಾಕುತ್ತಾರೆ. ಅನ್ನ, ಸಾರು, ಮುದ್ದೆಯ ಮೂಲಕ ಅದೇ ಫ್ಲೋರೈಡ್ ಹೊಟ್ಟೆ ಸೇರುತ್ತದೆ. ಅಡುಗೆಗೂ ಒಳ್ಳೆಯ ನೀರೇ ಇರಲಿ. ಆರ್‌.ಒ. ಯಂತ್ರದಿಂದ ಹೊರಹೋಗುವ ನೀರನ್ನು ದನಗಳಿಗೆ ಕುಡಿಸಬೇಡಿ. ಹಸುವಿನ ಹಲ್ಲು ಸವೆಯುವುದು, ಕುಂಟು ಬರುವುದು ಫ್ಲೋರೈಡ್‌ನಿಂದಲೂ ಆಗುತ್ತದೆ.

ಕ್ಯಾಲ್ಸಿಯಂ ಇರುವ ಆಹಾರ ತಿಂದರೆ ದೇಹ ಫ್ಲೋರೈಡನ್ನು ಕಡಿಮೆ ಹೀರುತ್ತದೆ. ಆದ್ದರಿಂದ ಕರೆದದ್ದನ್ನೆಲ್ಲ ಡೇರಿಗೆ ಹಾಕುವ ಮುಂಚೆ ಮಕ್ಕಳಿಗೆ ಒಂದೊಂದು ಲೋಟ ಹಾಲು ಎತ್ತಿಡಿ.

5. ನೈಟ್ರೇಟ್

ಇದಕ್ಕೆ ಕಾರಣ ನಮ್ಮ ತಿಪ್ಪೆ, ಗಂಜಲ, ಶೌಚದ ಗುಂಡಿ, ಹೊಲದ ಗೊಬ್ಬರ. ಇವುಗಳ ರಸ ಇಂಗಿ ಬಾವಿ ಸೇರುತ್ತದೆ. ಮಿತಿ ಲೀಟರಿಗೆ 45 ಮಿಲಿಗ್ರಾಂ. ಆರು ತಿಂಗಳೊಳಗಿನ ಕೂಸಿಗೆ ಈ ನೀರಿನಲ್ಲಿ ಪುಡಿಹಾಲು ಕಲಸಿ ಕೊಟ್ಟರೆ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು. ಹಾಗಾದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಇದೂ ಕುದಿಸಿದರೆ ಹೋಗುವುದಿಲ್ಲ.

ಪರಿಹಾರ: ತಿಪ್ಪೆಯನ್ನು ಬಾವಿಯಿಂದ ಕನಿಷ್ಠ 50 ಅಡಿ ದೂರ, ಇಳಿಜಾರಿನ ಕಡೆಗೆ ಹಾಕಿ. ಬೋರ್‌ವೆಲ್ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿಸಿ. ಕೂಸಿಗೆ ತಾಯಿಯ ಹಾಲೇ ಇರಲಿ.

ಮೊದಲು ಪರೀಕ್ಷೆ, ಆಮೇಲೆ ಖರ್ಚು

ಯಂತ್ರ ಮಾರುವವರ ಮಾತು ಕೇಳಿ ಹಣ ಹಾಕುವ ಮುಂಚೆ ನೀರು ಪರೀಕ್ಷೆ ಮಾಡಿಸಿ. ಜಲ ಜೀವನ್ ಮಿಷನ್ ಯೋಜನೆಯಲ್ಲಿ ಪ್ರತಿ ಹಳ್ಳಿಯಲ್ಲೂ ಐದು ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡಲು ಅವಕಾಶವಿದೆ. ನಿಮ್ಮೂರಲ್ಲಿ ಯಾರು ಕಲಿತಿದ್ದಾರೆಂದು ಗ್ರಾಮ ಪಂಚಾಯ್ತಿಯಲ್ಲಿ ಕೇಳಿ. ಯಾರೂ ಇಲ್ಲದಿದ್ದರೆ ನಿಮ್ಮ ಸಂಘದಿಂದಲೇ ಐವರು ಮುಂದೆ ಬನ್ನಿ. ಡೇರಿಯಲ್ಲಿ ದಿನವೂ ಹಾಲಿನ ಪರೀಕ್ಷೆ ನೋಡುವ ನಿಮಗೆ ಇದೇನೂ ಕಷ್ಟದ ಕೆಲಸವಲ್ಲ.