ಕೇಳದ ಹೊರತು ಕಾಣದ ನೋವು

ಪರೀಕ್ಷೆಯೇ ನಡೆಯದ ಊರಿನಲ್ಲಿ ಮಲೇರಿಯಾ ರೋಗಿಗಳ ಸಂಖ್ಯೆ ಸೊನ್ನೆಯೇ ಆಗಿರುತ್ತದೆ. ಕಾಲೇಜುಗಳಲ್ಲಿ ನಡೆಯುವ ಲೈಂಗಿಕ ದೌರ್ಜನ್ಯದ ಲೆಕ್ಕವೂ ಹಾಗೆಯೇ. ‘ನಮ್ಮಲ್ಲಿ ಒಂದೂ ದೂರು ಬಂದಿಲ್ಲ’ ಎಂಬ ಮಾತನ್ನು ವೈದ್ಯರಾದ ನಾವು ಆರೋಗ್ಯದ ಲಕ್ಷಣವೆಂದು ಒಪ್ಪಲಾರೆವು.

2013ರ ಜೂನ್‌ನಲ್ಲಿ ಮಣಿಪಾಲದಲ್ಲಿ ಅಪರಿಚಿತರು ವೈದ್ಯಕೀಯ ವಿದ್ಯಾರ್ಥಿನಿಯನ್ನು ಅಪಹರಿಸಿ ಅತ್ಯಾಚಾರವೆಸಗಿದಾಗ ನಾಡೇ ತಲ್ಲಣಿಸಿತು. ಆದರೆ 2019ರಲ್ಲಿ ಬೆಳಕಿಗೆ ಬಂದ ಪುತ್ತೂರಿನ ಪ್ರಕರಣದಲ್ಲಿ ಬಂಧಿತರಾದವರು ವಿದ್ಯಾರ್ಥಿಗಳೇ. ಘಟನೆ ನಡೆದು ತಿಂಗಳುಗಳು ಕಳೆದ ಮೇಲೆ, ವಿಡಿಯೊ ಹರಡಿದ್ದರಿಂದ ಅದು ಹೊರಬಿತ್ತು. ವಿಡಿಯೊ ಹರಡದಿದ್ದರೆ ಆ ನೋವು ಯಾವ ಲೆಕ್ಕಕ್ಕೆ ಸೇರುತ್ತಿತ್ತು?

ಇದನ್ನು ಅಳೆಯುವ ಕ್ರಮವನ್ನು ಅಮೆರಿಕದ ಮನೋವಿಜ್ಞಾನಿ ಮೇರಿ ಕಾಸ್ 1987ರಲ್ಲಿ ತೋರಿಸಿಕೊಟ್ಟರು. 32 ಶಿಕ್ಷಣ ಸಂಸ್ಥೆಗಳ 6,159 ವಿದ್ಯಾರ್ಥಿ-ವಿದ್ಯಾರ್ಥಿನಿಯರನ್ನು ಪ್ರಶ್ನಿಸಿದ ಆ ಅಧ್ಯಯನ ‘ಅತ್ಯಾಚಾರ’ ಎಂಬ ಹೆಸರನ್ನು ಬದಿಗಿಟ್ಟು, ನಡೆದದ್ದೇನು, ಬಲ ಪ್ರಯೋಗಿಸಿದರೇ, ಒಪ್ಪಿಗೆಯಿತ್ತೇ ಎಂದು ಬಿಡಿಬಿಡಿಯಾಗಿ ಕೇಳಿತು. ಹದಿನಾಲ್ಕು ವಯಸ್ಸಿನ ನಂತರ ಅತ್ಯಾಚಾರ ಅಥವಾ ಅದರ ಯತ್ನಕ್ಕೆ ಒಳಗಾದವರು ನೂರಕ್ಕೆ 27.5 ಯುವತಿಯರು. ಅತ್ಯಾಚಾರಕ್ಕೆ ಒಳಗಾದ ಹೆಚ್ಚಿನವರು ಅದನ್ನು ಆ ಹೆಸರಿನಿಂದ ಕರೆದಿರಲಿಲ್ಲ. ಎಸಗಿದವರು ಬಹುಪಾಲು ಪರಿಚಿತರೇ. ಆ ಅಂಕಿಯನ್ನು ನಮ್ಮ ನಾಡಿಗೆ ಅನ್ವಯಿಸಲಾಗದು. ಕೇಳುವ ರೀತಿಯನ್ನಂತೂ ಕಲಿಯಬಹುದು.

ನಾರಾಯಣಪುರದಂಥ ಊರಿನ ಹೆಣ್ಣುಮಕ್ಕಳು ಹುಣಸಗಿ, ಸುರಪುರ, ಶಹಾಪುರಗಳಿಗೆ ಬಸ್ಸು ಹತ್ತಿ ಓದಲು ಹೋಗುತ್ತಾರೆ. ಹೇಳಿದರೆ ಓದು ಬಿಡಿಸಿ ಮದುವೆ ಮಾಡಿಬಿಡುವರೆಂಬ ಭಯ ಅವರ ಬಾಯಿ ಕಟ್ಟುತ್ತದೆ. ಹೇಳದ ಮಾತು ದೇಹದಲ್ಲಿ ಕಾಣಿಸಿಕೊಳ್ಳುತ್ತದೆ: ನಿದ್ರಾನಾಶ, ಎದೆಬಡಿತ, ಕಾರಣ ಸಿಗದ ಹೊಟ್ಟೆನೋವು, ಮುಟ್ಟಿನ ಏರುಪೇರು, ಕಾಲೇಜಿನ ಹೆಸರೆತ್ತಿದರೆ ನಡುಕ. ಭಯದಿಂದ ಮನಸ್ಸಿಗಾಗುವ ಆಘಾತವನ್ನು ಚರಕಾಚಾರ್ಯರು ಉನ್ಮಾದದ ಕಾರಣಗಳಲ್ಲಿ ಎಣಿಸಿದ್ದಾರೆ. ಮನೆಯವರು ಮಾತ್ರ ದೃಷ್ಟಿ ತಾಗಿದೆಯೆಂದು ನಿವಾಳಿಸುತ್ತಾರೆ. ಬ್ರಾಹ್ಮಿ, ಅಶ್ವಗಂಧಗಳನ್ನು ನಾವೂ ಕೊಡುತ್ತೇವೆ. ಆದರೆ ಏಕಾಂತದಲ್ಲಿ, ಗದರಿಸದೆ, ‘ಯಾರಾದರೂ ತೊಂದರೆ ಕೊಟ್ಟರೇನವ್ವ?’ ಎಂದು ಕೇಳುವ ಕೆಲಸವನ್ನು ಯಾವ ಚೂರ್ಣವೂ ಮಾಡದು.

ಯುಜಿಸಿಯ 2015ರ ನಿಯಮದಂತೆ ಪ್ರತಿ ಕಾಲೇಜಿನಲ್ಲಿ ಆಂತರಿಕ ದೂರು ಸಮಿತಿ ಇರಬೇಕು. ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬಹುದು. ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳ ಅವಕಾಶವುಂಟು. ಮಗಳನ್ನು ಸೇರಿಸುವಾಗ ಶುಲ್ಕ ವಿಚಾರಿಸುವ ತಂದೆ ಈ ಸಮಿತಿಯ ಸದಸ್ಯರು ಯಾರೆಂದೂ ವಿಚಾರಿಸಲಿ. ಪಿಯುಸಿ ಓದುವವರಲ್ಲಿ ಹೆಚ್ಚಿನವರು ಹದಿನೆಂಟು ತುಂಬದವರಾದ್ದರಿಂದ ಅವರಿಗೆ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು.

ಅತ್ಯಾಚಾರವಾಗಿದ್ದರೆ ಗಂಟೆಗಳ ಲೆಕ್ಕ ಮುಖ್ಯ. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸಬೇಕು. ಗರ್ಭನಿರೋಧಕ ಮಾತ್ರೆಯನ್ನು ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಇಲ್ಲಿ ಮನೆಮದ್ದಿಗೆ ಸ್ಥಳವಿಲ್ಲ, ನಮ್ಮ ಆಯುರ್ವೇದಕ್ಕೂ ಇಲ್ಲ. ಸರ್ಕಾರಿಯಾಗಲಿ ಖಾಸಗಿಯಾಗಲಿ ಆಸ್ಪತ್ರೆಯು ಉಚಿತವಾಗಿ ಪ್ರಥಮ ಚಿಕಿತ್ಸೆ ನೀಡಲೇಬೇಕೆಂಬುದು ಕಾನೂನು. ಕನ್ಯತ್ವ ನೋಡುವ ಎರಡು ಬೆರಳಿನ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಖಂಡಿಸಿ ನಿಷೇಧಿಸಿದೆ. ಉಟ್ಟ ಬಟ್ಟೆಯನ್ನು ತೊಳೆಯದೆ ಕಾಗದದ ಚೀಲದಲ್ಲಿಟ್ಟು ಒಯ್ಯಿರಿ. ಸ್ನಾನ ಮಾಡಿಸಿಬಿಟ್ಟಿದ್ದರೂ ಹೋಗಿರಿ. ಮಹಿಳಾ ಸಹಾಯವಾಣಿಯ ಸಂಖ್ಯೆ 181, ಮಕ್ಕಳದು 1098.